ಹದಿಮೂರು ಹೆಸರು, ಹನ್ನೆರಡು ತಲೆ

ನಿಯಮ ಬರೆಯುವಷ್ಟು ಸುಖದ ಕೆಲಸ ಇನ್ನೊಂದಿಲ್ಲ, ಬರೆದವನೇ ಅದರ ಕೆಳಗೆ ಕುಳಿತುಕೊಳ್ಳುವ ಪ್ರಸಂಗ ಬರದಿದ್ದರೆ. ಹುನಗುಂದ ತಾಲೂಕಿನ ಒಂದು ಸಣ್ಣ ಹಳ್ಳಿಯ ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷ ಈ ಸುಖವನ್ನು ಮನಸಾರೆ ಉಂಡವನು ನಾನು. ತಡವಾಗಿ ಬಂದವನು ಹೊರಗೆ ನಿಲ್ಲತಕ್ಕದ್ದು. ಪಾಟಿ ಮರೆತವನು ಮನೆಗೆ ಹೋಗಿ ತರತಕ್ಕದ್ದು. ಹೆಸರು ಕೂಗಿದಾಗ 'ಹಾಜರ್' ಅನ್ನದವನು ಕಣ್ಣೆದುರಿಗೆ ಕುಳಿತಿದ್ದರೂ ಗೈರಹಾಜರಿ ಎಂದು ತಿಳಿಯತಕ್ಕದ್ದು. ಇಂಥವನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ವಿಲಾಯತಿ ರಾಣಿಯ ಪಟ ಇಳಿಸಿ ಹೊಸ ರಾಜರ ಪಟ ಏರಿಸಿದ ವರ್ಷ ಅದು. ಪಟದಲ್ಲಿದ್ದ ರಾಜರಿಗಿಂತ ಕೆಳಗಿದ್ದ ನನ್ನ ನಿಯಮಗಳಿಗೇ ಹುಡುಗರು ಹೆಚ್ಚು ಹೆದರುತ್ತಿದ್ದರು. 'ತಕ್ಕದ್ದು' ಎಂದು ಬರೆಯುವಾಗ ನನ್ನ ಮೀಸೆ ತಾನಾಗಿಯೇ ಒಂದಿಷ್ಟು ಮೇಲೇಳುತ್ತಿತ್ತೆಂದು ನನ್ನ ಹೆಂಡತಿ ಹೇಳುತ್ತಾಳೆ. ಇಲ್ಲವೆನ್ನಲು ನನ್ನ ಹತ್ತಿರ ಸಾಕ್ಷಿಯಿಲ್ಲ.

ಹೀಗಿರುವಾಗ ಮೇಲಿನಿಂದ ಹುಕುಂ ಬಂತು. ತರಬೇತಿ ಇಲ್ಲದ ಹಂಗಾಮಿ ಮಾಸ್ತರರೆಲ್ಲ ಬಾಗಲಕೋಟೆಗೆ ಬಂದು ಮೂರು ತಿಂಗಳು ಟ್ರೇನಿಂಗ್ ವರ್ಗದಲ್ಲಿ ಕಲಿಯಬೇಕು. ವರ್ಗ ಮುಗಿಸಿದವರು ಖಾಯಂ. ನಡುವೆ ಹೆಸರು ಕಡಿಸಿಕೊಂಡವರ ಜಾಗಕ್ಕೆ ಬೇರೆಯವರು. ನನ್ನ ವಯಸ್ಸಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಹೊಲದಲ್ಲಿ ನಿಂತರೆ ನನ್ನ ಸ್ವಂತ ಎತ್ತುಗಳೇ ನನ್ನನ್ನು ಪರಕೀಯನಂತೆ ನೋಡುತ್ತಿದ್ದವು. ಹೊರಡುವ ದಿನ ಹೆಂಡತಿ ಬುತ್ತಿ ಕಟ್ಟುತ್ತ, “ಮೂರು ತಿಂಗಳು ಏನ್ರಿ, ಹಿಂಗ ಅನ್ನೂದ್ರಾಗ ಹೋಗ್ತಾವು. ಅವರು ಹೇಳಿದಂಗ ಕೇಳಿ ಬರ್ರಿ ಅಷ್ಟ,” ಅಂದಳು. “ನಂಗ ಹೇಳಿ ರೂಢಿ ಐತಿ, ಕೇಳಿ ರೂಢಿ ಇಲ್ಲ,” ಅಂದೆ. “ಅದು ನಂಗ ಗೊತ್ತಿಲ್ಲೇನು?” ಅಂದಳು. ಚಕ್ಕಡಿ ಊರು ದಾಟುವವರೆಗೂ ತಿರುಗಿ ತಿರುಗಿ ಶಾಲೆಯ ಕಡೆಗೇ ನೋಡುತ್ತಿದ್ದೆ.

ಬಾದಾಮಿ, ಕೆರೂರ, ಹುನಗುಂದ, ಇಲಕಲ್ಲು ಕಡೆಯಿಂದ ಬಂದ ನಾವು ಒಟ್ಟು ಹದಿಮೂರು ಮಂದಿ. ನಮ್ಮಲ್ಲಿ ಅತಿ ಚಿಕ್ಕವನಿಗೆ ಎರಡು ಮಕ್ಕಳು. ಬಾದಾಮಿಯ ಹಿರಿಯ ಮಾಸ್ತರರಿಗೆ ಮೊಮ್ಮಗ. ಹುಡುಗರ ಬೆಂಚುಗಳ ಮೇಲೆ ಮೊಳಕಾಲು ಮಡಿಸಿಕೊಂಡು ಹೇಗೋ ಕುಳಿತೆವು. ನಮಗೆ ಕಲಿಸಲು ಬಂದವರು ಭೀಮರಾವ ಎಂಬವರು, ಧಾರವಾಡದಲ್ಲಿ ಕಲಿತು ಬಂದವರು, ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಮೊದಲ ದಿನವೇ ಅವರು ಒಂದು ಹಾಳೆ ತೆಗೆದು ಹತ್ತೊಂಬತ್ತು ನಿಯಮಗಳನ್ನು ಓದಿದರು. ರಜೆ ಬೇಕಾದವರು ಎರಡು ದಿನ ಮೊದಲೇ ಅರ್ಜಿ ಕೊಡಬೇಕು ಎಂದಾಗ, ನನ್ನ ಮಗ್ಗುಲಲ್ಲಿದ್ದ ಇಲಕಲ್ಲಿನ ರಾಜೇಸಾಬ ಮಾಸ್ತರರು ಎದ್ದು ನಿಂತು, “ಜ್ವರ ಬಂದ್ರ ಹ್ಯಾಂಗ್ರಿ?” ಎಂದು ಕೇಳಿದರು. “ಜ್ವರಕ್ಕೂ ಅದ ನಿಯಮ ರೀ,” ಅಂದರು ಭೀಮರಾವ. “ಆತ್ರಿ, ಎರಡು ದಿನ ತಡದು ಬಾ ಅಂತ ಅದಕ್ಕ ಹೇಳಿ ಕಳಸ್ತೇನಿ,” ಎಂದು ರಾಜೇಸಾಬರು ಗಂಭೀರವಾಗಿ ಕುಳಿತರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಯಾಕೆಂದರೆ ಮುಂದಿನ ನಿಯಮಗಳು ನನ್ನ ಕಿವಿಗೆ ಬಿದ್ದಿದ್ದವು: ಹೆಸರು ಕೂಗಿದಾಗ ಉತ್ತರ ಕೊಡದವನು ಗೈರಹಾಜರಿ, ಮೂರು ಗೈರಹಾಜರಿಗೆ ಹೆಸರು ಕಡಿಯಲಾಗುವುದು, ಹಾಜರಿ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಕೆರೆಯುವಂತಿಲ್ಲ, ತಿದ್ದುವಂತಿಲ್ಲ. ನನ್ನ ಗೋಡೆಯ ನಿಯಮಗಳೇ ಕೋಟು ತೊಟ್ಟು ಬಂದು ಎದುರಿಗೆ ನಿಂತ ಹಾಗಾಯಿತು.

ಇಲ್ಲಿ ನನ್ನದೊಂದು ಹಳೆಯ ಚಟವನ್ನು ಹೇಳಲೇಬೇಕು. ಹಳ್ಳಿಯ ಹುಡುಗರು ಒಬ್ಬರ ಬದಲು ಒಬ್ಬರು 'ಹಾಜರ್' ಕೂಗುವುದರಲ್ಲಿ ನಿಸ್ಸೀಮರು. ಅದಕ್ಕಾಗಿ ನಾನು ಹೆಸರು ಕೂಗುವ ಮೊದಲು ತಲೆ ಎಣಿಸುತ್ತಿದ್ದೆ. ತಲೆ ಒಂದು ಕಡಿಮೆ ಬಂದರೆ ಕಳ್ಳನನ್ನು ಹಿಡಿಯುವವರೆಗೂ ಬಿಡುತ್ತಿರಲಿಲ್ಲ. ಹದಿನಾಲ್ಕು ವರ್ಷದ ಈ ಚಟ ಬಾಗಲಕೋಟೆಗೂ ನನ್ನ ಹಿಂದೆಯೇ ಬಂದಿತ್ತು. ಭೀಮರಾವ ಹಾಜರಿ ಪುಸ್ತಕ ತೆರೆದರೆ ಸಾಕು, ನನ್ನ ಕುತ್ತಿಗೆ ತಿರುಗಿ, ಕಣ್ಣು ಬೆಂಚುಗಳ ಮೇಲೆ ಓಡುತ್ತಿತ್ತು. ಹನ್ನೆರಡು. ಮತ್ತೆ ಎಣಿಸಿದರೂ ಹನ್ನೆರಡು. ಯಾರು ಬಂದಿಲ್ಲ ಎಂದು ಬಾಗಿಲ ಕಡೆ ನೋಡುತ್ತಿರುವಾಗ ನನ್ನ ಹೆಸರು ಬಂದು, ಹೋಗಿ, ಗೈರಹಾಜರಿಯೂ ಆಗಿಬಿಟ್ಟಿತು. ಎಣಿಸುವಾಗ ನನ್ನನ್ನೇ ಬಿಟ್ಟಿದ್ದೆನೆಂಬುದು ಆಮೇಲೆ ಹೊಳೆಯಿತು. “ನಿಮ್ಮ ಎದುರಿಗೇ ಕುಂತೇನಲ್ರಿ,” ಎಂದು ಅಂಗಲಾಚಿದೆ. “ಕುಂತದ್ದು ನೋಡಿಲ್ರಿ, ಉತ್ತರಾ ಕೇಳಿಲ್ಲ,” ಅಂದರು ಭೀಮರಾವ. ಅವರ ತಪ್ಪೇನೂ ಇರಲಿಲ್ಲ. ಬರೆಯುವಾಗ ಅವರು ತಲೆ ಎತ್ತುವವರೇ ಅಲ್ಲ. ಎಂಟು ದಿನ ಕಳೆಯುವುದರೊಳಗೆ ಅದೇ ಹನ್ನೆರಡು ತಲೆ ಎಣಿಸಿ ಎರಡನೆಯ ಗೈರಹಾಜರಿಯನ್ನೂ ಸಂಪಾದಿಸಿದೆ.

ಹೆಸರು ಕಡಿಯಲು ಇನ್ನೊಂದೇ ಗೈರಹಾಜರಿ ಉಳಿದಿತ್ತು. ಪೇಟೆಯಲ್ಲಿ ಯಾರು ಯಾರನ್ನು ಕೂಗಿದರೂ ನಾನು 'ಹಾಜರ್' ಅನ್ನತೊಡಗಿದೆ. ಒಬ್ಬ ಬಳೆಗಾರನಂತೂ ನನ್ನನ್ನು ಮರುಕದಿಂದ ನೋಡಿ ದಾರಿ ಬಿಟ್ಟ. ಮನೆಗೆ ಬರೆದ ಕಾಗದದಲ್ಲಿ ಮಾತ್ರ 'ಎಲ್ಲ ಕ್ಷೇಮ' ಎಂದು ಬರೆದೆ. ಕೊನೆಗೆ ಉಪಾಯ ಹುಡುಕಿದವರು ರಾಜೇಸಾಬರು. “ನಿಮ್ಮ ಹೆಸರು ಬಂದ ಕೂಡ್ಲೇ ತೊಡಿ ಚಿವುಟ್ತೇನಿ ಮಾಸ್ತರ. ನೀವು ಚೀರೂದರ ಬದಲಿ 'ಹಾಜರ್' ಅನ್ರಿ, ಸಾಕು.” ಒಬ್ಬರ ಬದಲು ಇನ್ನೊಬ್ಬರು ಉತ್ತರ ಕೊಡಬಾರದೆಂಬ ನಿಯಮವಿತ್ತು, ಚಿವುಟಬಾರದೆಂದು ಹತ್ತೊಂಬತ್ತರಲ್ಲಿ ಎಲ್ಲಿಯೂ ಇರಲಿಲ್ಲ. ಎರಡು ತಿಂಗಳು ನನ್ನ ನೌಕರಿಯನ್ನು ಕಾಯ್ದದ್ದು ಆ ಪುಣ್ಯಾತ್ಮನ ಹೆಬ್ಬೆರಳು ಮತ್ತು ತೋರುಬೆರಳು. ಎಡದೊಡೆಗೆ ನೀಲಿ ಬಣ್ಣ ಬಂದಾಗ ಜಾಗ ಬದಲಿಸಿ ಬಲದೊಡೆ ಕೊಟ್ಟೆ.

ವರ್ಗ ಮುಗಿಯುವ ವಾರ ಪ್ರತಿಯೊಬ್ಬರೂ ಮೇಜಿನ ಹಿಂದೆ ನಿಂತು ಒಂದು ಪಾಠ ಹೇಳಬೇಕಿತ್ತು. ಉಳಿದವರು ಶಿಷ್ಯರಂತೆ ಕುಳಿತಿರಬೇಕು. ಭೀಮರಾವ ಹಿಂದಿನ ಬೆಂಚಿನಲ್ಲಿ ಕುಳಿತು ಅಂಕ ಬರೆಯುವರು. ಆ ದಿನದ ಹಾಜರಿಯನ್ನೂ ಪಾಠ ಹೇಳುವವರೇ ಹಾಕಬೇಕು. ನನ್ನ ಸರದಿ ಬಂತು. ಮೇಜಿನ ಹಿಂದೆ ನಿಂತು ಟಾಕನ್ನು ಮಸಿ ದೌತಿಯಲ್ಲಿ ಅದ್ದಿದ್ದೇ ತಡ, ಎರಡೂವರೆ ತಿಂಗಳ ಹೆದರಿಕೆ ಎಲ್ಲಿ ಹೋಯಿತೋ! ಮೀಸೆ ಮೇಲೆದ್ದದ್ದು ನನಗೇ ಗೊತ್ತಾಯಿತು. ಮೊದಲು ಭೀಮರಾವರನ್ನು ಬಿಟ್ಟು ತಲೆ ಎಣಿಸಿದೆ. ಹನ್ನೆರಡು. ಪುಸ್ತಕದಲ್ಲಿ ಹೆಸರು ಹದಿಮೂರು. ಒಬ್ಬ ತಪ್ಪಿಸಿಕೊಂಡಿದ್ದಾನೆ! ಎದೆಯುಬ್ಬಿಸಿ ಕೂಗುತ್ತ ಹೋದೆ, 'ಹಾಜರ್', 'ಹಾಜರ್' ಬರುತ್ತ ಹೋಯಿತು. “ಗುರಪ್ಪ ಸಂಗಪ್ಪ, ಹುನಗುಂದ!” ಎಂದೆ. ಉತ್ತರವಿಲ್ಲ. ಸಿಕ್ಕಿದ ಕಳ್ಳ ಎಂದುಕೊಂಡು ಬೆಂಚು ಬೆಂಚಿನ ಮೇಲೆ ಕಣ್ಣಾಡಿಸಿ ಮತ್ತೊಮ್ಮೆ ಗಟ್ಟಿಯಾಗಿ ಕೂಗಿದೆ. ರಾಜೇಸಾಬರು ಚಡಪಡಿಸುತ್ತ ಕೈ ಎತ್ತಿದರು. “ಕೈ ಕೆಳಗ ಇಳಸು! ನಿನ್ನ ಹೆಸರು ಬಂದಾಗ ಮಾತಾಡು,” ಎಂದು ಗದರಿಸಿದೆ. ಅವರು ತಲೆ ಮೇಲೆ ಕೈ ಹೊತ್ತು ಕುಳಿತರು. ನಾನು ಗೈರಹಾಜರಿ ಎಂದು ಸ್ವಚ್ಛವಾಗಿ ಬರೆದು ಮುಂದಿನ ಹೆಸರಿಗೆ ಹೋದೆ.

ಉಪ್ಪಿನ ಮೇಲೆ ಪಾಠ ಹೇಳಿದೆ. ಚೆನ್ನಾಗಿಯೇ ಹೇಳಿದೆ. “ಪಾಠ ಭಾಳ ಚಲೋ ಆತ್ರಿ,” ಎನ್ನುತ್ತ ಭೀಮರಾವ ಬಂದು ಹಾಜರಿ ಪುಸ್ತಕ ನೋಡಿದರು. ಅವರ ಹುಬ್ಬು ಗಂಟಾಯಿತು. “ಇದೇನ್ರಿ ಮಾಸ್ತರ?”

“ಒಬ್ಬಾವ ಬಂದಿಲ್ರಿ,” ಅಂದೆ. “ಇದು ಮೂರನೇ ಸಲ ರೀ ಅವಂದು. ದಯಾ ದಾಕ್ಷಿಣ್ಯ ಬ್ಯಾಡ್ರಿ, ಹೆಸರು ಕಡದ ಬಿಡ್ರಿ.”

“ಯಾರಂತ ಸ್ವಲ್ಪ ಓದ್ರಿ ನೋಡೂಣು.”

ಓದಿದೆ. 'ಗುರಪ್ಪ' ಎನ್ನುವವರೆಗೆ ದನಿ ಇತ್ತು. 'ಸಂಗಪ್ಪ' ಎನ್ನುವಾಗ ಅದು ನನ್ನದೇ ಹೆಸರೆಂದು ಹೊಳೆದು ಮೇಜು ಹಿಡಿದುಕೊಂಡೆ. ವರ್ಗದಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬುತ್ತಿ ಕಟ್ಟುತ್ತಿದ್ದ ಹೆಂಡತಿಯ ಮುಖ ಕಣ್ಣೆದುರು ಬಂತು; ಅವಳಿಗೆ ಏನೆಂದು ಹೇಳುವುದು? ಬೇರೆ ಯಾರೋ ಕಡಿದರೆಂದು ಹೇಳಲೂ ಬಾರದಂತೆ ನನ್ನ ಕೈಬರಹದಲ್ಲೇ ಇತ್ತು. ರಾಜೇಸಾಬರು ಹತ್ತಿರ ಬಂದು ಮೆಲ್ಲಗೆ, “ನಾ ಏನ್ ಮಾಡ್ಲಿ ಮಾಸ್ತರ, ಚಿವುಟಾಕ ಕೈಗೆ ನಿಲುಕದಷ್ಟು ದೂರ ನಿಂತಿದ್ರಿ,” ಅಂದರು. ಅವರ ಕಣ್ಣಲ್ಲಿ ನೀರಿತ್ತು.

ಭೀಮರಾವ ಕೆಟ್ಟವರಲ್ಲ. ಹತ್ತೊಂಬತ್ತು ನಿಯಮಗಳ ಹಾಳೆಯನ್ನು ತಿರುವಿ ತಿರುವಿ ನೋಡಿದರು. ತಿದ್ದುವಂತಿರಲಿಲ್ಲ. ಹಾಗೇ ಬಿಟ್ಟರೆ ಗೈರಹಾಜರಿ ಇದ್ದವನು ಪಾಠ ಹೇಳಿ ಅಂಕ ತೆಗೆದುಕೊಂಡದ್ದು ಹೇಗೆಂದು ಮೇಲಿನವರು ಅವರನ್ನೇ ಕೇಳುವರು. ಬಹಳ ಹೊತ್ತಾದ ಮೇಲೆ ಅವರಿಗೆ ಪುಟದ ಅಂಚಿನಲ್ಲಿ ಶೇರಾ, ಅಂದರೆ ಟಿಪ್ಪಣಿ, ಬರೆಯುವ ಜಾಗ ಕಂಡಿತು. “ಹೆಸರು ಕೂಗಿದವರು ಇಲ್ಲಿ ಬರದು ಸಹಿ ಮಾಡಿದ್ರ ನಡೀತೈತ್ರಿ,” ಎಂದು ತಾವೇ ಹೇಳಿ ಬರೆಸಿದರು: 'ಗುರಪ್ಪ ಸಂಗಪ್ಪ ಎಂಬ ಸದರಿ ಇಸಮನು ಈ ದಿನ ಪೂರ್ಣ ವೇಳೆ ವರ್ಗದಲ್ಲಿ ಹಾಜರಿದ್ದುದನ್ನು ನಾನು ಖುದ್ದು ಕಣ್ಣಾರೆ ಕಂಡಿದ್ದೇನೆ.' ಕೆಳಗೆ ನನ್ನ ಸಹಿ.

ಹೀಗೆ ನಾನು ಖಾಯಂ ಆದೆ. ಹೆಂಡತಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಹುಡುಗರಿಗೆ, ಸುಳ್ಳು ಬರೆಯಬಾರದಪ್ಪಾ ಎಂದು ಹೇಳಲು ಹೋದಾಗಲೆಲ್ಲ ಮಾತನ್ನು ಅರ್ಧಕ್ಕೇ ಬಿಟ್ಟು ಮಗ್ಗಿ ಹೇಳಿಸತೊಡಗುತ್ತೇನೆ. ನನ್ನ ನೌಕರಿ ನಿಂತಿರುವುದೇ ಆ ಒಂದು ಸಾಲಿನ ಮೇಲೆ. ಖರೆ ಹೇಳುತ್ತೇನೆ, ಅಂದು ಆ ಮನುಷ್ಯನಿಗಾಗಿ ಬೆಂಚು ಬೆಂಚು ಹುಡುಕಿದ್ದೆ. ನನಗೆ ಅವನು ಕಂಡಿರಲಿಲ್ಲ.