ಕ್ಯಾಶ್ ತಂತ್ರಾಂಶ ಆಯ್ಕೆ ಸಮಿತಿ ಮತ್ತು ಗಿಂಕಾಳ ಗಂಡಂದಿರು

ನಮ್ಮ ನಾಗರಿಕ ದಾಖಲೆಗಳ ಕಚೇರಿಯಲ್ಲಿ ಮೂವರ ಸಹಿಯಿಲ್ಲದೆ ಏನನ್ನೂ ಎಸೆಯುವಂತಿಲ್ಲ. ಕಾಲು ಮುರಿದ ಕುರ್ಚಿಯಾಗಲಿ, ಒಣಗಿದ ಶಾಯಿಯ ಬಾಟಲಿಯಾಗಲಿ, ವಿಲೇವಾರಿ ಸಮಿತಿ ಕೂಡಬೇಕು. ವಸ್ತು ನಿಜಕ್ಕೂ ಕೆಟ್ಟಿದೆಯೆಂದು ಮೂವರು ಕಣ್ಣಾರೆ ಕಂಡು ಸಹಿ ಹಾಕಬೇಕು. ದುಂಡು ಮೊಹರು ಬೀಳಬೇಕು. ಹದಿನೆಂಟು ವರ್ಷಗಳಿಂದ ಉಗ್ರಾಣ ನೋಡಿಕೊಳ್ಳುತ್ತಿರುವ ನಾನು ಆ ಮೂವರಲ್ಲೊಬ್ಬ. ಸರ್ಕಾರ ಬಿತ್ತು, ಪಕ್ಷ ಬಿತ್ತು, ಚೌಕದಲ್ಲಿದ್ದ ಪ್ರತಿಮೆಯೂ ಬಿತ್ತು. ನಿಯಮ ಮಾತ್ರ ಬೀಳಲಿಲ್ಲ. ಪ್ರತಿಮೆ ಈಗ ನನ್ನ ಉಗ್ರಾಣದಲ್ಲಿದೆ, ವಿಲೇವಾರಿಯ ಸರದಿ ಕಾಯುತ್ತಿದೆ.

1995ರ ಮೇ ತಿಂಗಳಲ್ಲಿ ರಾಜಧಾನಿ ಸೋಫಿಯಾದಿಂದ ನಮಗೆ ಎಂಟು ಹೊಸ ಪ್ರೊಸೆಸರ್‌ಗಳು ಬಂದವು. ಹಳೆಯ ಕಂಪ್ಯೂಟರುಗಳನ್ನು ಬದಲಿಸಲು ಹಣವಿಲ್ಲ, ಅವುಗಳ ಮಿದುಳನ್ನಷ್ಟೇ ಬದಲಿಸಿಕೊಳ್ಳಿ ಎಂದು ಆದೇಶ. ನಮ್ಮ ಇಂಜಿನಿಯರ್ ಇಸ್ಕ್ರಾ ಒಂದೇ ಬೆಳಿಗ್ಗೆಯಲ್ಲಿ ಎಂಟನ್ನೂ ಕೂರಿಸಿದಳು. ಕಂಪ್ಯೂಟರುಗಳು ಮಾತ್ರ ಮೊದಲಿನಂತೆಯೇ ತೆವಳಿದವು.

“ಹೊಸ ಪ್ರೊಸೆಸರ್ ಒಳಗೆ ಕ್ಯಾಶ್ ಅಂತ ಪುಟ್ಟ ನೆನಪಿನ ಜಾಗ ಇರುತ್ತೆ,” ಎಂದು ಇಸ್ಕ್ರಾ ವಿವರಿಸಿದಳು. “ಆಗಾಗ ಬೇಕಾಗೋದನ್ನ ಅಲ್ಲೇ ಕೈಗೆ ಸಿಗೋ ಹಾಗೆ ಇಟ್ಕೊಳ್ಳುತ್ತೆ. ಈ ಹಳೇ ಕಂಪ್ಯೂಟರಿಗೆ ಅದು ಇರೋದೇ ಗೊತ್ತಿಲ್ಲ. ಒಂದು ತಂತ್ರಾಂಶ ಹಾಕಿ ಎಬ್ಬಿಸ್ಬೇಕು. ಪ್ರೊಸೆಸರ್ ಜೊತೆಗೇ ಫ್ಲಾಪಿಲಿ ಪುಕ್ಕಟೆ ಕೊಟ್ಟಿದಾರೆ. ಹತ್ತು ನಿಮಿಷದ ಕೆಲ್ಸ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮ ನಿರ್ದೇಶಕ ಮಾಂಚೆವ್‌ರನ್ನು ನೋಡಿಯೇ ಹುಟ್ಟಿರಬೇಕು. ಹತ್ತು ನಿಮಿಷದ ಕೆಲಸ, ಅದೂ ಪುಕ್ಕಟೆ ಎಂದ ಕೂಡಲೇ ಅವರಿಗೆ ಅನುಮಾನ ಬಂತು. ಕ್ಯಾಶ್ ತಂತ್ರಾಂಶ ಆಯ್ಕೆ ಸಮಿತಿ ರಚನೆಯಾಯಿತು. ಪುಕ್ಕಟೆ ಫ್ಲಾಪಿಗೆ ಎದುರಾಗಿ ನಿಂತದ್ದು ‘ಸ್ಥಿರ ಸ್ಮೃತಿ’ ಎಂಬ ತಂತ್ರಾಂಶ. ಅದರ ಒಡೆಯ ಮಾಂಚೆವ್‌ರ ಭಾವಮೈದ. ಹಿಂದಿನ ವರ್ಷದವರೆಗೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಮಾರುತ್ತಿದ್ದವನು. ಆ ತಂತ್ರಾಂಶವನ್ನು ಕಡಲತೀರದ ತೇವದಲ್ಲಿ ಪರೀಕ್ಷಿಸಲು ಸಮಿತಿ ಐದು ದಿನ ವಾರ್ನಾಕ್ಕೆ ಹೋಗಿಬಂತು. ಕಂಪ್ಯೂಟರ್ ಒಯ್ಯಲು ಕಾರಿನಲ್ಲಿ ಜಾಗವಿರಲಿಲ್ಲ.

ಅಂತಿಮ ಸಭೆಯಲ್ಲಿ ಮಾಂಚೆವ್ ಕೇಳಿದರು: “ನಿನ್ನ ಪುಕ್ಕಟೇದು ಏನ್ ಮಾಡುತ್ತಮ್ಮಾ?”

“ಡಿಸ್ಕಿಂದ ಹೊಸ ಮಾಹಿತಿ ಬಂದಾಗೆಲ್ಲ ಕ್ಯಾಶಲ್ಲಿರೋ ಹಳೇದನ್ನ ಎಸೆಯುತ್ತೆ. ಎಸೀಲಿಲ್ಲ ಅಂದ್ರೆ ಹಿಂದಿನವರ ವಿವರ ಮುಂದಿನವರಿಗೆ ಅಂಟ್ಕೊಳ್ಳುತ್ತೆ.”

“ಎಷ್ಟು ಸಲ ಎಸೆಯುತ್ತೆ?”

“ಸೆಕೆಂಡಿಗೆ ನೂರಾರು ಸಲ.”

“ಯಾರ ಸಹಿ ತಗೊಂಡು?”

ಇಸ್ಕ್ರಾ ನಕ್ಕಳು. ಬೇರೆ ಯಾರೂ ನಗಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು. ಸೆಕೆಂಡಿಗೆ ನೂರಾರು ಸಲ ಮೂವರು ಸಹಿ ಹಾಕುವುದು ಕಾರ್ಯಸಾಧ್ಯವಲ್ಲ, ಮೇಲಾಗಿ ಮೂವರಲ್ಲಿ ಒಬ್ಬರಿಗೆ ಕೈ ನಡುಗುತ್ತದೆ ಎಂದು ನಾನು ಲಿಖಿತ ಅಭಿಪ್ರಾಯ ಕೊಟ್ಟೆ. ಆ ಅಭಿಪ್ರಾಯದಲ್ಲಿ ಇವತ್ತಿಗೂ ಯಾರೂ ತಪ್ಪು ಹುಡುಕಿಲ್ಲ.

“ನಮ್ಮ ಹುಡುಗಂದು ಒಂದು ಚೂರೂ ಎಸೆಯಲ್ಲ,” ಎಂದರು ಮಾಂಚೆವ್. ‘ಸ್ಥಿರ ಸ್ಮೃತಿ’ ಅವಿರೋಧವಾಗಿ ಆಯ್ಕೆಯಾಯಿತು. ಕಂಪ್ಯೂಟರ್ ಆರಿಸಿದರೆ ಕ್ಯಾಶಿನಲ್ಲಿರುವುದೆಲ್ಲ ಅಳಿಯುತ್ತದೆ, ಅದೂ ವಿಲೇವಾರಿಯೇ ಎಂಬ ಕಾರಣಕ್ಕೆ ಎಂಟೂ ಸ್ವಿಚ್ಚುಗಳ ಮೇಲೆ ಅರಗು ಸುರಿದು ಮುದ್ರೆ ಒತ್ತಲಾಯಿತು.

ಜಾರಿಗೆ ಬಂದ ದಿನ ಮೊದಲು ಬಂದವರು ಔಷಧಿ ಅಂಗಡಿಯವರ ಹೆಂಡತಿ ಗಿಂಕಾ. ತಮ್ಮ ಮದುವೆ ಪತ್ರದ ನಕಲು ತೆಗೆದುಕೊಂಡು ಹೋದರು. ಅವರ ಹಿಂದೆಯೇ ಡ್ಯಾನ್ಯೂಬಿನ ಸರಕು ದೋಣಿಯಲ್ಲಿ ಕೆಲಸ ಮಾಡುವ ಲಾಜರ್ ಬಂದ. ಜೊತೆಗೆ ಎವ್ದೋಕಿಯಾ, ಏಳು ತಿಂಗಳ ಬಸುರಿ. ಮಗು ಹುಟ್ಟುವ ಮೊದಲು ಇಬ್ಬರೂ ಮದುವೆಯಾಗಬೇಕು. ಅದಕ್ಕೆ ಲಾಜರ್ ಅವಿವಾಹಿತನೆಂಬ ಪ್ರಮಾಣಪತ್ರ ಬೇಕು. ತೆರೆಯ ಮೇಲೆ ಅವನ ಹೆಸರು ಬಂತು. ಹೆಂಡತಿಯ ಕಾಲಂನಲ್ಲಿ ‘ಗಿಂಕಾ’ ಎಂದಿತ್ತು.

“ಯಾರ್ರೀ ಇದು ಗಿಂಕಾ?” ಎಂದಳು ಎವ್ದೋಕಿಯಾ.

“ಈಗ ಹೋದ್ರಲ್ಲ, ಆ ಹೆಂಗ್ಸು,” ಎಂದ ಲಾಜರ್. “ನಾನು ಅವ್ರ ಹತ್ರ ಕೆಮ್ಮಿನ ಔಷಧಿ ತಗೊಂಡಿದೀನಿ, ಅಷ್ಟೆ.”

ಮಾಂಚೆವ್ ಸಹಾನುಭೂತಿಯಿಂದ ಹೇಳಿದರು: “ನೋಡಪ್ಪಾ, ಸಂಸಾರ ಅಂದ್ಮೇಲೆ ಇದೆಲ್ಲ ಇದ್ದಿದ್ದೇ. ವಿಚ್ಛೇದನ ತಗೊಂಡ್ ಬಾ, ಪತ್ರ ಕೊಡ್ತೀವಿ.”

ಲಾಜರ್ ನ್ಯಾಯಾಲಯಕ್ಕೆ ಹೋದ. ಅಲ್ಲಿ ಗಿಂಕಾಳ ಮದುವೆ ಪತ್ರ ಕೇಳಿದರು. ಅದರಲ್ಲಿ ಗಂಡನ ಹೆಸರು ಔಷಧಿ ಅಂಗಡಿಯವರದಿತ್ತು. ಆಗದ ಮದುವೆಯನ್ನು ಮುರಿಯಲು ಬರುವುದಿಲ್ಲ ಎಂದು ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಿದರು.

ಜುಲೈ ಕೊನೆಗೆ ಗಿಂಕಾಗೆ ಮೂವತ್ತೊಂಬತ್ತು ಗಂಡಂದಿರಾದರು. ಅವರಲ್ಲಿ ಒಬ್ಬರು ಪಾದ್ರಿ, ಇಬ್ಬರು ಶಾಲಾ ಬಾಲಕರು. ಒಂದು ಸಲ ಆರಿಸಿ ಹಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ಇಸ್ಕ್ರಾ ಅರಗಿನ ಮುದ್ರೆಗೆ ಉಗುರು ಹಾಕಿದಳು. ಅವಳನ್ನು ನೆಲಮಾಳಿಗೆಯ ಕೈಬರಹದ ಕಡತಗಳಿಗೆ ವರ್ಗ ಮಾಡಲಾಯಿತು. ಬಾಗಿಲಿಗೆ ಪ್ರಕಟಣೆ ಅಂಟಿಸಿದವನು ನಾನೇ:

“ಸಾರ್ವಜನಿಕರ ಗಮನಕ್ಕೆ: ದಾಖಲೆಗೂ ತಮಗೂ ವ್ಯತ್ಯಾಸ ಕಂಡುಬಂದಲ್ಲಿ, ನಾಗರಿಕರು ಮೂವತ್ತು ದಿನಗಳೊಳಗೆ ತಮ್ಮನ್ನು ತಿದ್ದಿಕೊಳ್ಳತಕ್ಕದ್ದು.”

ಜನ ತಿದ್ದಿಕೊಂಡರು. ಔಷಧಿ ಅಂಗಡಿಯವರು ಮೊದಮೊದಲು ಮುನಿಸಿಕೊಂಡರು. ಉಳಿದ ಮೂವತ್ತೆಂಟು ಮಂದಿಯೂ ಮನೆಯವರೆಂಬ ಸಂಕೋಚಕ್ಕೆ ಅವರ ಅಂಗಡಿಯಲ್ಲೇ ಕೊಳ್ಳತೊಡಗಿದ ಮೇಲೆ ಸಮಾಧಾನವಾದರು. ಆ ಮೂವತ್ತೆಂಟರಲ್ಲಿ ನಾನೂ ಒಬ್ಬ; ನನ್ನ ಹೆಂಡತಿ ಮಾತ್ರ ಒಂದು ವಾರ ನನಗೆ ಅಡುಗೆ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಎವ್ದೋಕಿಯಾಗೆ ಹೆಣ್ಣುಮಗು ಹುಟ್ಟಿತು. ಮಗುವನ್ನು ಎತ್ತಿಕೊಂಡು ಹೆಸರು ಬರೆಸಲು ಇಬ್ಬರೂ ಬಂದರು. ತಂದೆ ಲಾಜರ್ ಎಂದು ದಾಖಲಾಯಿತು. ತಂದೆ ವಿವಾಹಿತನಾದ್ದರಿಂದ ತಾಯಿಯ ಕಾಲಂನಲ್ಲಿ ಗಿಂಕಾಳ ಹೆಸರು ತಾನಾಗಿಯೇ ಬಂತು.

“ಹೆತ್ತಿದ್ದು ನಾನು,” ಎಂದಳು ಎವ್ದೋಕಿಯಾ.

“ಯಾರು ಇಲ್ಲ ಅಂದ್ರಮ್ಮಾ? ಆಸ್ಪತ್ರೆ ಚೀಟಿನೂ ಇದೆ,” ಎಂದರು ಮಾಂಚೆವ್. “ಆದ್ರೆ ಅದು ಹೆರಿಗೆಗೆ ಕೊಡೋ ಚೀಟಿ. ತಾಯಿ ಯಾರು ಅಂತ ಹೇಳೋದು ನಮ್ ಕೆಲ್ಸ.”

“ಹಾಲು ಕುಡಿಸ್ತಿರೋಳು ನಾನು ಸ್ವಾಮಿ.”

ಮಾಂಚೆವ್ ಬೆಚ್ಚಿಬಿದ್ದರು. ಅದಕ್ಕೆ ಅನುಮತಿ ಇರಲಿಲ್ಲ. ಕೂಡಲೇ ಒಂದು ನಮೂನೆ ಸಿದ್ಧವಾಯಿತು: ಪರರ ಮಗುವಿಗೆ ಹಾಲೂಡಿಸಲು ತಾತ್ಕಾಲಿಕ ಪರವಾನಗಿ, ಅವಧಿ ಮೂರು ತಿಂಗಳು, ತಾಯಿಯ ಒಪ್ಪಿಗೆ ಕಡ್ಡಾಯ. ಹೇಳಿಕಳಿಸಿದಾಗ ಗಿಂಕಾ ಬಿಸಿ ಬಾನಿತ್ಸಾ ಕಟ್ಟಿಕೊಂಡು ಬಂದರು. ಗಿಣ್ಣು ತುಂಬಿದ ಆ ರೊಟ್ಟಿಯನ್ನು ಬಾಣಂತಿಯ ಕೈಗಿಟ್ಟು, ಓದದೆಯೇ ಸಹಿ ಹಾಕಿದರು.

“ಬೇಜಾರು ಮಾಡ್ಕೋಬೇಡ ಕಣೇ,” ಎಂದರು. “ನಿಂಗೆ ಇಷ್ಟ ಬಂದ ಹೆಸರೇ ಇಡು ಮಗೂಗೆ. ನಾನೇನೂ ಅನ್ನಲ್ಲ.”

“ನಿಮ್ ಉಪಕಾರ ಅಕ್ಕಾ,” ಎಂದ ಲಾಜರ್. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

ನನಗೆ ನಾಚಿಕೆಯಾಯಿತು. ನಾಚಿಕೆಗೆ ನಮೂನೆಯಿಲ್ಲದ ಕಾರಣ ಮೊಹರು ಒತ್ತಿದೆ.

“ಮೂರು ತಿಂಗಳಾದ್ಮೇಲೆ?” ಎಂದಳು ಎವ್ದೋಕಿಯಾ.

“ನವೀಕರಣ ಮಾಡ್ಕೊಡ್ತೀವಿ. ಬೆಳಿಗ್ಗೆ ಬೇಗ ಬಂದ್ರೆ ಸಾಲು ಇರಲ್ಲ,” ಎಂದರು ಮಾಂಚೆವ್.

ಮಗು ಹಸಿದು ಅಳಲು ಶುರುಮಾಡಿತ್ತು. ಎವ್ದೋಕಿಯಾ ಸಹಿ ಹಾಕಿದಳು, ನಮಗೆಲ್ಲ ಧನ್ಯವಾದ ಹೇಳಿದಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊಹರು ಒಣಗುವವರೆಗೆ ಕಾದಳು.