ಅಂಗಿಯ ಒಳಗಿನ ಸ್ವೆಟರ್

ಆ ದಿನದ ರಗಳೆಗೆಲ್ಲ ಮೂಲ ಬಸ್ ನಿಲ್ದಾಣದ ಟೈಂಕೀಪರ್ ಕೋಣೆಯ ತಗಡಿನ ಮಾಡು. ಸೋರುತ್ತಿದೆ ಎಂದು ಮಳೆಗಾಲದಲ್ಲಿ ಕೊಟ್ಟ ದೂರಿಗೆ ನಡು ಚಳಿಗಾಲದಲ್ಲಿ ಕಣ್ಣು ತೆರೆದ ಇಲಾಖೆ, ರಿಪೇರಿಯವರನ್ನು ಕಳಿಸಿ ಮಾಡನ್ನು ಪೂರ್ತಿ ಕೀಳಿಸಿಬಿಟ್ಟಿತ್ತು. ಗೋಡೆ ಗಡಿಯಾರವನ್ನೂ ಇಳಿಸಿ ಎಲ್ಲೋ ಇಟ್ಟಿದ್ದರು.

"ನಾಳೆ ಒಂದಿನ ಅಂಗಳದಲ್ಲೇ ಮೇಜು ಹಾಕ್ಕೊಂಡು ಕೂತ್ಕೊಳ್ರಿ" ಎಂದರು ಮ್ಯಾನೇಜರು.

"ಸಾರ್, ಬೆಳಗಿನ ಜಾವ ಚಳಿ..."

"ಬಸ್ಸುಗಳೂ ರಾತ್ರಿಯೆಲ್ಲ ಹೊರಗೇ ನಿಂತಿರ್ತಾವೆ. ಯಾವುದಾದ್ರೂ ಬಂದು ನನ್ನ ಹತ್ರ ಅತ್ತಿದ್ಯಾ?"

ಮೇಲಿನವರ ಜೊತೆ ವಾದಕ್ಕೆ ನಿಲ್ಲುವ ಜಾಯಮಾನ ಟೈಂಕೀಪರ್ ದಿಂಬಣ್ಣನದಲ್ಲ. ದಿಂಬಣ್ಣ ಎನ್ನುವುದು ಅವನ ಹೆಸರೂ ಅಲ್ಲ. ಶಾಲೆಯಲ್ಲಿ ಬಿದ್ದ ಅಡ್ಡಹೆಸರಿನ ಬಾಲಕ್ಕೆ, ತಲೆ ನರೆತ ಮೇಲೆ, ಮರ್ಯಾದೆಗೆಂದು ಊರವರು ಒಂದು 'ಅಣ್ಣ' ಅಂಟಿಸಿದ್ದರು ಅಷ್ಟೆ. ಆ ಅಡ್ಡಹೆಸರಿಗೆ ಕಾರಣ ಅಮ್ಮನ ಸ್ವೆಟರು.

ಎಲ್ಲ ಮಕ್ಕಳೂ ಅಂಗಿಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದರೆ ಇವನ ಅಮ್ಮ ಅಂಗಿಯ ಒಳಗೆ ಹಾಕಿ ಕಳಿಸುತ್ತಿದ್ದಳು. ಬೂದು ಬಣ್ಣದ ದಪ್ಪ ಉಣ್ಣೆ, ಕೆಳಗೆ ಕೆಂಪು ಅಂಚು. ಆಗ ಅದು ಅವನ ಮೊಣಕಾಲು ಮುಟ್ಟುತ್ತಿತ್ತು. ಅದನ್ನು ಚಡ್ಡಿಯೊಳಗೆ ತುರುಕಿ, ಮೇಲೆ ಅಂಗಿಯ ಗುಂಡಿ ಹಾಕಿದರೆ ಹುಡುಗ ಥೇಟ್ ದಿಂಬು. "ಯಾಕಮ್ಮ ಒಳಗೆ?" ಎಂದರೆ "ಮೇಲೆ ಹಾಕಿದ್ರೆ ಮಾಸುತ್ತೆ" ಎನ್ನುವಳು. ಒಗೆದರೂ ಹೊರಗಿನ ಹಗ್ಗದ ಮೇಲೆ ಹಾಕುತ್ತಿರಲಿಲ್ಲ, ಒಲೆಯ ಹಿಂದೆ ಒಣಗಿಸುತ್ತಿದ್ದಳು. ಎಡತೋಳು ಬಲತೋಳಿಗಿಂತ ಎರಡು ಬೆರಳಿನಷ್ಟು ಉದ್ದ ಬಂತಲ್ಲ ಎಂದು ಕೇಳಿದ್ದಕ್ಕೆ, ಅದನ್ನು ಮಡಚುತ್ತಾ, "ತೋಳು ಉದ್ದ ಅಲ್ವೋ, ನಿನ್ನ ಎಡಗೈ ಸ್ವಲ್ಪ ಗಿಡ್ಡ" ಎಂದಿದ್ದಳು.

ಅಮ್ಮ ಹೇಳಿದ ಮೇಲೆ ಮುಗಿಯಿತು. ಅಂದಿನಿಂದ ಇಂದಿನವರೆಗೆ ದಿಂಬಣ್ಣ ದರ್ಜಿಯ ಬಳಿ ಹೋದಾಗಲೆಲ್ಲ ಎಡತೋಳನ್ನು ಎರಡು ಬೆರಳು ಗಿಡ್ಡ ಹೊಲಿಸುತ್ತಿದ್ದ. "ಎರಡೂ ಕೈ ಸಮ ಇದಾವಲ್ರೀ" ಎಂದು ದರ್ಜಿ ಟೇಪು ಹಿಡಿದು ತೋರಿಸಿದರೆ "ನಿನ್ನ ಟೇಪಿಗಿಂತ ನಮ್ಮಮ್ಮನಿಗೆ ಚೆನ್ನಾಗಿ ಗೊತ್ತು" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು. ಹೋಗುವ ಮುಂಚೆಯೂ ಅವಳು ಕೈ ಹಿಡಿದು ಹೇಳಿದ್ದು ಅದನ್ನೇ: "ಆ ಸ್ವೆಟರ್ ಹೊರಗೆ ಕಾಣೋ ಹಾಗೆ ಹಾಕ್ಬೇಡ ಮಗಾ." ಅವನು ಮಾತು ಕೊಟ್ಟಿದ್ದ. ಮೊಣಕಾಲು ಮುಟ್ಟುತ್ತಿದ್ದ ಸ್ವೆಟರ್ ಈಗ ಹೊಟ್ಟೆಯ ಹತ್ತಿರ ಬಿಗಿ. ಆದರೂ ಚಳಿಗಾಲ ಬಂತೆಂದರೆ ಅದೇ ಬೇಕು. ಅದಕ್ಕೊಂದು ಗುಟ್ಟಿನ ಕಾರಣವಿತ್ತು. ಚಿಕ್ಕಂದಿನಲ್ಲಿ ಅಮ್ಮ "ಕೈ ಮೇಲೆತ್ತು" ಎಂದು ಅದನ್ನು ತಲೆಯ ಮೇಲಿಂದ ಇಳಿಸುವಾಗ ಒಂದು ಗಳಿಗೆ ಲೋಕವೆಲ್ಲ ಕತ್ತಲಾಗುತ್ತಿತ್ತು. ಕತ್ತಲೆಯಲ್ಲಿ ಉಣ್ಣೆಯ, ಸೋಪಿನ, ಒಲೆಯ ಹೊಗೆಯ ವಾಸನೆ. ತಲೆ ಹೊರಗೆ ಬರುತ್ತಲೇ ಎದುರಿಗೆ ಅಮ್ಮನ ಮುಖ. ಈಗಲೂ ದಿಂಬಣ್ಣ ಆ ಕತ್ತಲೆಯಲ್ಲಿ ಬೇಕೆಂದೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಹೊರಗೆ ಬಂದರೆ ಎದುರಿಗಿರುವುದು ಹೆಂಡತಿಯ ಮುಖ.

"ಏನ್ರೀ, ಒಳಗೇ ನಿದ್ದೆ ಹೋದ್ರಾ?" ಎಂದು ಮರುದಿನ ಬೆಳಗಿನ ಜಾವವೂ ಕೇಳಿದಳು ಅವಳು. "ಒಂದಿನ ಅದನ್ನ ಮೇಲೆ ಹಾಕ್ಕೊಂಡ್ರೆ ಏನ್ ಗಂಟು ಹೋಗುತ್ತೆ?"

"ಅಮ್ಮನಿಗೆ ಮಾತು ಕೊಟ್ಟಿದ್ದೀನಿ ಕಣೆ."

"ಸರಿ, ಮಾತು ಹೊದ್ಕೊಂಡು ಕೂತ್ಕೊಳ್ಳಿ" ಎಂದು ಅವಳು ಅವನ ಕೈಗಳಿಗೆ ಗವಸು ತೊಡಿಸಿ, ಅಂಗಿಯ ತೋಳಿನೊಳಕ್ಕೆ ಗಟ್ಟಿಯಾಗಿ ಸಿಕ್ಕಿಸಿದಳು.

ಗೇಟು ದಾಟುವಷ್ಟರಲ್ಲಿ ಎದುರುಮನೆಯ ಹವಾಮಾನಣ್ಣ ಅಡ್ಡ ಬಂದರು. ಹವಾಮಾನ ಇಲಾಖೆಯಲ್ಲಿ ಊರೂರು ಸುತ್ತಿ, ನಿವೃತ್ತರಾಗಿ ಹುಟ್ಟಿದ ಮನೆಗೇ ವಾಪಸಾದವರು. ದಿಂಬಣ್ಣನಿಗಿಂತ ಹತ್ತು ವರ್ಷ ದೊಡ್ಡವರು. ಇಲಾಖೆ ಅವರನ್ನು ಬಿಟ್ಟಿದ್ದರೂ ಅವರು ಹವಾಮಾನವನ್ನು ಬಿಟ್ಟಿರಲಿಲ್ಲ.

"ಇಡೀ ದಿನ ಬಯಲಲ್ಲಿ ಕೂರ್ತೀಯಂತೆ? ಚಳಿಗೆ ಬಟ್ಟೆ ಹಾಕ್ಕೊಳ್ಳೋದಕ್ಕೂ ಒಂದು ಕ್ರಮ ಇದೆ ಕಣೋ. ಮೂರು ಪದರ. ಮೈಗೆ ಅಂಟಿದ್ದು ತೆಳ್ಳಗಿರ್ಬೇಕು, ಬೆವರು ನಿಲ್ಲಿಸ್ಬಾರ್ದು. ನಡುವಿನದು ಬಿಸಿ ಹಿಡಿದಿಡ್ಬೇಕು. ಮೇಲಿಂದು ಗಾಳಿ ತಡೀಬೇಕು. ನಿನ್ನ ಒಳಗಿನ ಪದರ ಯಾವುದು?"

"ಅಮ್ಮ ಹೆಣೆದ ಸ್ವೆಟರ್ ಅಣ್ಣ."

"ಅಂಗಿ ಒಳಗೆ ಸ್ವೆಟರ್! ಬುಡವೇ ತಪ್ಪು. ತೆಗಿ!"

"ಅದೊಂದು ಮಾತ್ರ ಕೇಳ್ಬೇಡಿ ಅಣ್ಣ."

ಹವಾಮಾನಣ್ಣ ನಿಟ್ಟುಸಿರು ಬಿಟ್ಟು, ಬುಡ ತಪ್ಪಿದ್ದನ್ನು ತುದಿಯಲ್ಲಾದರೂ ಸರಿಪಡಿಸೋಣವೆಂದು, ಒಳಗಿನಿಂದ ತಮ್ಮ ತೋಳಿಲ್ಲದ ಉಣ್ಣೆಯ ಕೋಟನ್ನೂ ಗಾಳಿ ನುಗ್ಗದ ಜಾಕೆಟನ್ನೂ ತಂದು ತೊಡಿಸಿದರು. ಜಾಕೆಟ್ಟಿನ ಜಿಪ್ಪನ್ನು ತಾವೇ ಗಂಟಲವರೆಗೆ ಎಳೆದರು. "ಸಂಜೆ ಬಂದು ನೋಡ್ತೀನಿ, ಹೇಗಾಯ್ತು ಅಂತ" ಎಂದರು.

ನಿಲ್ದಾಣ ಮುಟ್ಟಿದಾಗ ಕಂಡಕ್ಟರ್ ಒಬ್ಬ ನಕ್ಕ. "ದಿಂಬಣ್ಣ ಹೋಗಿ ಹಾಸಿಗೆ ಆಗ್ಬಿಟ್ರಲ್ಲ!" ಆದರೆ ಚಹಾ ಅಂಗಡಿಯವನಿಗೆ ಇಷ್ಟೂ ಸಾಲದೆನ್ನಿಸಿತು. ಅವನು ಹಳೆಯ ಪೇಪರುಗಳನ್ನು ತಂದು, ಕತ್ತಿನ ಸಂದಿಯಿಂದ ಕೋಟಿಗೂ ಅಂಗಿಗೂ ನಡುವೆ ಇಳಿಬಿಟ್ಟ. "ಚಳಿ ಹತ್ರ ಸುಳಿಯಲ್ಲ, ಬೇಕಾದ್ರೆ ನೋಡಿ."

ಚಳಿ ನಿಜವಾಗಿಯೂ ಸುಳಿಯಲಿಲ್ಲ. ಆದರೆ ಕೈ ಮಡಚಲು ಬರುತ್ತಿರಲಿಲ್ಲ. ಉಸಿರೆಳೆದರೆ ಪೇಪರು ಚರಚರ ಎನ್ನುತ್ತಿತ್ತು. ಮೊದಲ ಬಸ್ಸು ಹೊರಡಲು ಸಿದ್ಧವಾಗಿ ಡ್ರೈವರು ಹಾರ್ನ್ ಹೊಡೆದಾಗ ದಿಂಬಣ್ಣನಿಗೆ ನಿಜವಾದ ಸಂಕಟ ಅರಿವಾಯಿತು. ವಾಚು ಎಡಗೈಯಲ್ಲಿತ್ತು. ಅದರ ಮೇಲೆ ಸ್ವೆಟರಿನ ಮಡಚಿದ ತೋಳು, ಅದರ ಮೇಲೆ ಹೆಂಡತಿ ಸಿಕ್ಕಿಸಿದ ಗವಸು, ಅಂಗಿ, ಕೊನೆಗೆ ಜಾಕೆಟ್ಟಿನ ಬಿಗಿಪಟ್ಟಿ. ಬಲಗೈ ಅಲ್ಲಿಯವರೆಗೆ ಬಗ್ಗುತ್ತಲೇ ಇರಲಿಲ್ಲ. ಊರಿಗೆಲ್ಲ ಟೈಮು ಕೊಡುವವನು ಪ್ರಯಾಣಿಕರನ್ನು ಕೇಳಿದ, "ಸ್ವಾಮಿ, ಟೈಮೆಷ್ಟು?"

ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು. ಅವರಲ್ಲೇ ಜಗಳ ಹತ್ತಿತು. ಟೈಂಕೀಪರ್ ಸಮಯ ಬರೆದು ಸಹಿ ಹಾಕದೆ ಬಸ್ಸು ಕದಲುವಂತಿಲ್ಲ. ಒಂದರ ಹಿಂದೆ ಒಂದು ಬಸ್ಸು ನಿಂತು, ಎಲ್ಲ ಹಾರ್ನುಗಳೂ ಒಟ್ಟಿಗೆ ಬಾಯಿ ಮಾಡತೊಡಗಿದವು. ಮ್ಯಾನೇಜರು ಕೈಯಲ್ಲಿ ಚಹಾದ ಲೋಟ ಹಿಡಿದೇ ಓಡಿಬಂದರು.

"ಏನ್ರೀ ಇದು ಅವಾಂತರ? ವಾಚ್ ನೋಡಿ ಟೈಮ್ ಬರೀರಿ!"

"ವಾಚ್ ಇದೆ ಸಾರ್. ಒಳಗಿದೆ."

"ಹಾಗಾದ್ರೆ ಬಿಚ್ರೀ ಅದನ್ನೆಲ್ಲ!"

ಜಿಪ್ಪು ಗಂಟಲ ಬಳಿ ಪೇಪರನ್ನು ಕಚ್ಚಿಕೊಂಡು ಕೂತಿತ್ತು. ಕೆಳಗೂ ಬಾರದು, ಮೇಲೂ ಹೋಗದು. "ತಲೆ ಮೇಲಿಂದ ಎಳೀರಿ" ಎಂದರು ಮ್ಯಾನೇಜರು. ಡ್ರೈವರು ಒಂದು ಕಡೆ, ಕಂಡಕ್ಟರು ಇನ್ನೊಂದು ಕಡೆ ಹಿಡಿದರು.

"ಸಾರ್, ಬೇಡ ಸಾರ್, ಒಳಗೆ ಅಮ್ಮನ..." ಎನ್ನುತ್ತಿದ್ದಂತೆಯೇ "ಹೋಯ್" ಎಂದು ಜಗ್ಗಿದರು. ಜಾಕೆಟ್ಟು, ಕೋಟು, ಪೇಪರು, ಗವಸು, ಅಂಗಿ ಎಲ್ಲ ಈರುಳ್ಳಿ ಸಿಪ್ಪೆಯ ಹಾಗೆ ಒಟ್ಟಿಗೆ ಕಿತ್ತು ಬಂದವು. ಅಂಗಿಯ ಗುಂಡಿಗಳು ಚಟಪಟನೆ ಹಾರಿ ಬಸ್ಸಿನ ಕೆಳಗೆ ಉರುಳಿದವು. ನಿಲ್ದಾಣದ ನಟ್ಟನಡುವೆ, ಬೆಳ್ಳಂಬೆಳಗಿನ ಬಿಸಿಲಿನಲ್ಲಿ, ದಿಂಬಣ್ಣ ಅಮ್ಮನ ಸ್ವೆಟರಿನಲ್ಲಿ ನಿಂತಿದ್ದ. ಎಷ್ಟೋ ವರ್ಷಗಳ ಮಾತು ಒಂದು ಎಳೆತಕ್ಕೆ ಮುರಿದುಹೋಗಿತ್ತು.

ಅವನು ಎರಡೂ ಕೈಗಳಿಂದ ಎದೆ ಮುಚ್ಚಿಕೊಂಡ. ಗದರುವುದಕ್ಕೆಂದು ಬಾಯಿ ತೆರೆದ ಮ್ಯಾನೇಜರು ಮಾತ್ರ ಹತ್ತಿರ ಬಂದು ಉಣ್ಣೆ ಮುಟ್ಟಿ ನೋಡಿದರು.

"ಅಲ್ರೀ, ಇಷ್ಟು ಒಳ್ಳೆ ಸ್ವೆಟರ್ ಒಳಗೆ ಬಚ್ಚಿಟ್ಕೊಂಡಿದ್ರಾ? ಯಾರು ಹೆಣೆದಿದ್ದು?"

"ನಮ್ಮಮ್ಮ ಸಾರ್."

"ನಮ್ಮಮ್ಮನೂ ಹೆಣೀತಿದ್ಲು" ಎಂದ ಮ್ಯಾನೇಜರಿಗೆ ಬೈಗುಳ ಮರೆತೇಹೋಯಿತು.

ದಿಂಬಣ್ಣ ತೋಳು ಸರಿಸಿ ವಾಚು ನೋಡಿ, ಸಹಿ ಹಾಕಿ ಬಸ್ಸುಗಳನ್ನು ಕಳಿಸಿದ. ಅಂಗಿಗೆ ಗುಂಡಿಯಿಲ್ಲದ ಕಾರಣ ದಿನವಿಡೀ ಸ್ವೆಟರಿನಲ್ಲೇ ಕೂರಬೇಕಾಯಿತು. ಹೋಗುವವರು ಬರುವವರೆಲ್ಲ ನಿಂತು ಕೇಳಿದರು. ಮೊದಮೊದಲು ಹಿಂಜರಿಯುತ್ತಾ, ಮಧ್ಯಾಹ್ನದ ಹೊತ್ತಿಗೆ ಕೇಳದವರಿಗೂ ಕರೆದು ಹೇಳುತ್ತಾ, ಅವನು ಅಮ್ಮನ ಕತೆ ಹೇಳಿದ. ಅಮ್ಮ ಹೊಲಿಗೆ ಯಂತ್ರ ತುಳಿದು ತನ್ನನ್ನು ಸಾಕಿದ್ದು, ಬೀದಿಯವರ ಹಳೆಬಟ್ಟೆಗಳನ್ನೆಲ್ಲ ಸರಿಮಾಡಿ ಕೊಡುತ್ತಿದ್ದದ್ದು. ಹೇಳುತ್ತಾ ಹೇಳುತ್ತಾ ಒಂದು ವಿಷಯ ಹೊಳೆಯಿತು: ಅಮ್ಮನ ಕೈಯಲ್ಲಿ ಹೆಣಿಗೆ ಕಡ್ಡಿ ನೋಡಿದ ನೆನಪೇ ತನಗಿಲ್ಲ. ಅಮ್ಮ ರಾತ್ರಿ ತಾನು ಮಲಗಿದ ಮೇಲೆ ಹೆಣೆದಿರಬೇಕು ಅಂದುಕೊಂಡು ಅವನ ಕಣ್ಣು ತುಂಬಿತು. ಮಾತು ಮುರಿದರೂ ಆಕಾಶವೇನೂ ಬೀಳಲಿಲ್ಲ. ಅಮ್ಮ ಸುಮ್ಮನೆ ಹೆದರಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಹವಾಮಾನಣ್ಣ ಬಂದರು. ಜಾಕೆಟ್ಟು, ಕೋಟು ಕುರ್ಚಿಯ ಮೇಲಿದ್ದುದನ್ನು ನೋಡಿ "ನನ್ನ ಪದರಗಳನ್ನೆಲ್ಲ..." ಎಂದು ಶುರುಮಾಡಿದವರು ಬಗ್ಗಿ ಹತ್ತಿರ ಬಂದರು. ಅವರ ಕಣ್ಣು ಕೆಂಪು ಅಂಚಿನ ಮೇಲಿತ್ತು.

"ನೂಲು ಸಾಲದೆ ಕೆಂಪು ಹಾಕಿದ್ದು" ಎಂದರು ಮೆಲ್ಲಗೆ.

"ಅಣ್ಣ?"

"ಎಡತೋಳು ಮಡಚಿದ್ದೀಯಲ್ಲ, ಬಿಚ್ಚು."

ದಿಂಬಣ್ಣ ಬಿಚ್ಚಿದ. ತೋಳು ಬೆರಳುಗಳವರೆಗೆ ಇಳಿಯಿತು. ಹವಾಮಾನಣ್ಣ ತಮ್ಮ ಎರಡೂ ಕೈಗಳನ್ನು ಜೋಡಿಸಿ ಮುಂದೆ ಚಾಚಿದರು. ಎಡಗೈ ಎರಡು ಬೆರಳು ಉದ್ದವಿತ್ತು.

"ಇದು ನಮ್ಮಮ್ಮನಿಗೆ ಮಾತ್ರ ಗೊತ್ತಿತ್ತು ಕಣೋ. ಕೆಲಸ ಸಿಕ್ಕಿ ಊರು ಬಿಡೋ ವರ್ಷ ಹೆಣೆದು ಕೊಟ್ಲು. ಇಲ್ಲೇ ಬಿಟ್ಟು ಹೋಗಿದ್ದೆ. ಬಂದು ಕೇಳಿದ್ರೆ, ಇಲಿ ತಿಂತು ಅಂದ್ಲು. ಸಿಟ್ಟು ಬಂದು ಅವಳ ಜೊತೆ ಮಾತೇ ಬಿಟ್ಟಿದ್ದೆ." ಅವರು ದಿಂಬಣ್ಣನನ್ನು ಮೇಲಿಂದ ಕೆಳಗೆ ನೋಡಿದರು. "ಇಲಿ ಇಷ್ಟು ದಪ್ಪ ಇರುತ್ತೆ ಅಂತ ಗೊತ್ತಿರ್ಲಿಲ್ಲ."

ನಗಬೇಕೋ ಅಳಬೇಕೋ ದಿಂಬಣ್ಣನಿಗೆ ತಿಳಿಯಲಿಲ್ಲ. ಮಾಸುತ್ತೆ ಎಂದದ್ದು, ಒಲೆಯ ಹಿಂದೆ ಒಣಗಿಸಿದ್ದು, ಕೊನೆಗಾಲದಲ್ಲಿ ಕೈ ಹಿಡಿದು ಬೇಡಿದ್ದು ಎಲ್ಲ ಒಮ್ಮೆಲೇ ಅರ್ಥವಾಯಿತು. ಎದುರುಮನೆಯವರ ಹಳೆಬಟ್ಟೆ ತನ್ನ ಮಗನ ಮೈಮೇಲಿದೆ ಎಂದು ಬೀದಿಯ ಯಾರೂ ಬೆರಳು ಮಾಡಿ ತೋರಿಸಬಾರದಿತ್ತು. ಒಬ್ಬ ತಾಯಿ ಕೊಟ್ಟು ಇಲಿಯ ಮೇಲೆ ಹಾಕಿದ್ದಳು, ಇನ್ನೊಬ್ಬಳು ಪಡೆದು ಅಂಗಿಯೊಳಗೆ ಹಾಕಿದ್ದಳು. ಇಬ್ಬರೂ ಬಾಯಿ ಬಿಡದೆ ಹೋಗಿಬಿಟ್ಟಿದ್ದರು.

ಅವನು ಸ್ವೆಟರ್ ಕಳಚಿ ಮುಂದೆ ಹಿಡಿದ. "ನಿಮ್ಮಮ್ಮನದು ಅಣ್ಣ. ತಗೊಳ್ಳಿ."

"ಛೆ ಛೆ, ಬೇಡ. ಇಷ್ಟು ವರ್ಷ ನೀನು ಹಾಕಿದ್ದೀಯ, ಅದು ನಿನ್ನದೇ" ಎಂದ ಹವಾಮಾನಣ್ಣ ಕೈ ಮಾತ್ರ ಹಿಂದೆ ತೆಗೆಯಲಿಲ್ಲ. "ಒಂದೇ ಒಂದ್ಸಲ ಹಾಕ್ಕೊಂಡು ನೋಡ್ಲಾ?"

ಅವರು ಕೈ ಮೇಲೆತ್ತಿ ಸ್ವೆಟರಿನೊಳಗೆ ತಲೆ ತೂರಿಸಿದರು. ತಲೆ ಬೇಗ ಹೊರಗೆ ಬರಲಿಲ್ಲ. ಒಳಗೆ ಅವರು ಯಾಕೆ ನಿಂತಿದ್ದಾರೆಂದು ದಿಂಬಣ್ಣನಿಗೆ ಗೊತ್ತಿತ್ತು. ಅವನು ಅವಸರ ಮಾಡಲಿಲ್ಲ, ಬೇರೆ ಕಡೆ ನೋಡುತ್ತಾ ನಿಂತ.

ಕೊನೆಗೆ ಒದ್ದೆಯಾದ ಮುಖ ಹೊರಬಂತು. ಎರಡೂ ತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿದ್ದವು. ಮೈಗೊಂದು ತೆಳ್ಳನೆಯ ಅಂಗಿ, ಅದರ ಮೇಲೆ ಸ್ವೆಟರು. ಶಿಸ್ತಿನ ಮನುಷ್ಯನ ಕೈ ತಾನಾಗಿಯೇ ಕುರ್ಚಿಯತ್ತ ಹೋಗಿ ಕೋಟನ್ನೂ ಜಾಕೆಟನ್ನೂ ಎತ್ತಿಕೊಂಡಿತು. ಜಿಪ್ಪು ಕಚ್ಚಿದ್ದ ಪೇಪರನ್ನು ಕಿತ್ತು, ಎರಡನ್ನೂ ತೊಟ್ಟರು. "ನೋಡಿದ್ಯಾ, ಕ್ರಮವಾಗಿ ಹಾಕಿದ್ರೆ ಎಷ್ಟು ಬೆಚ್ಚಗಿರುತ್ತೆ! ನಾಳೆ ವಾಪಸ್ ಕೊಡ್ತೀನಿ ಕಣೋ" ಎಂದು ಕಣ್ಣೊರೆಸಿಕೊಳ್ಳುತ್ತಾ, ಮನೆಯ ಕಡೆ ಹೊರಟೇಬಿಟ್ಟರು. ಆ ನಾಳೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ದಿಂಬಣ್ಣ ಗುಂಡಿಯಿಲ್ಲದ ಅಂಗಿ ತೊಟ್ಟು, ಎದೆಗೆ ಹಳೆಯ ಪೇಪರು ಒತ್ತಿಹಿಡಿದು ಚರಚರ ಎನ್ನುತ್ತಾ ಮನೆಗೆ ನಡೆದ. ಬಾಗಿಲು ತೆಗೆದ ಹೆಂಡತಿ ಗಾಬರಿಯಾದಳು.

"ಸ್ವೆಟರ್ ಎಲ್ಲಿ?"

"ಇಲಿ ತಿಂತು" ಎಂದ ಅವನು.

ಚಳಿಗಾಳಿ ಬೀಸಿತು. ಎಡತೋಳನ್ನು ಕೆಳಗೆಳೆದುಕೊಂಡ. ಬರಲಿಲ್ಲ. ಎಷ್ಟು ಜಗ್ಗಿದರೂ ಎರಡು ಬೆರಳು ಗಿಡ್ಡ. ಪೆಟ್ಟಿಗೆಯಲ್ಲಿದ್ದ ಅವನ ಎಲ್ಲ ಅಂಗಿಗಳ ಎಡತೋಳೂ ಅಷ್ಟೇ ಗಿಡ್ಡವಿತ್ತು.