ಡಾಕ್ಟರಿಗೆ ಕೊಟ್ಟ ಬಾಟಲಿ

ಕೈಯೆತ್ತಿ ಕೊಡುವವರೆಲ್ಲ ಒಳ್ಳೆಯದನ್ನೇ ಕೊಡುತ್ತಾರೆ ಎಂದು ನಂಬಬೇಡಿ. ನಾನೂ ಒಮ್ಮೆ ಕೊಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಧಾರವಾಡದ ಕಾಲೇಜಿನಲ್ಲಿ ಹನ್ನೆರಡು ವರ್ಷ ರಸಾಯನಶಾಸ್ತ್ರ ಕಲಿಸಿ, ಈಗ ಕೆನಡಾದ ವಾನ್ ಎಂಬ ಊರಿನ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವವನಿಗೆ ವಿದ್ಯೆ ತೋರಿಸಲು ಇಲ್ಲಿ ಉಳಿದಿರುವುದು ಕಾರಿನ ಮುಂಗಾಜಿಗೆ ಹಿಡಿಯುವ ಮಂಜುಗಡ್ಡೆಯೊಂದೇ. ಎರಡು ಪಾಲು ಔಷಧಿ ಅಂಗಡಿಯ ರಬ್ಬಿಂಗ್ ಆಲ್ಕೋಹಾಲು, ಒಂದು ಪಾಲು ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು. ಸ್ಪ್ರೇ ಬಾಟಲಿಯಿಂದ ಚಿಮುಕಿಸಿದರೆ ಗಾಜಿನ ಮೇಲಿನ ಮಂಜುಗಡ್ಡೆ ತಾನಾಗಿ ಜಾರುತ್ತದೆ. ಕನ್ನಡದವರ ಕೂಟವೊಂದರಲ್ಲಿ ಇದನ್ನು ಪಾಠ ಮಾಡುವಷ್ಟೇ ಗಂಭೀರವಾಗಿ ವಿವರಿಸಿದೆ. ನಮ್ಮ ಹಿಂದಿನ ಬೀದಿಯ ನಿವೃತ್ತ ಡಾಕ್ಟರು, ಎಪ್ಪತ್ತೆಂಟು ವರ್ಷದ ಮೈಸೂರಿನವರು, “ನಂಗೂ ಒಂದ್ ಬಾಟಲ್ ಮಾಡ್ಕೊಡಿ ಪ್ರೊಫೆಸರ್” ಎಂದರು. ಪ್ರೊಫೆಸರ್! ಆ ಒಂದು ಮಾತಿಗೆ ನಾನು ಬಕೆಟ್ಟನ್ನೇ ಕೊಡುತ್ತಿದ್ದೆ.

ಆದರೆ ನನ್ನ ಬಾಟಲಿ ತುಂಬುವಷ್ಟರಲ್ಲಿ ಆಲ್ಕೋಹಾಲು ತಳ ಕಂಡಿತು. ಅಂಗಡಿ ದೂರ, ಹೊರಗೆ ಹಿಮ. ಉಳಿದಿದ್ದಕ್ಕೆ ನಲ್ಲಿ ತಿರುಗಿಸಿ ಇನ್ನೆರಡು ಬಾಟಲಿ ತುಂಬಿದೆ.

“ಏನ್ರೀ ಇದು, ಗೌಳಿ ಹಾಲಿಗೆ ನೀರ ಹಾಕಿದಂಗ ಹಾಕ್ಲಿಕ್ಕತ್ತೀರಿ?” ಎಂದಳು ಹೆಂಡತಿ ಸುನಂದಾ.

“ಏನಾಗೂದಿಲ್ಲ ತಗೋ” ಎಂದು ಒಂದನ್ನು ಡಾಕ್ಟರ ಮನೆಗೆ ಮುಟ್ಟಿಸಿ, ಇನ್ನೊಂದನ್ನು ನಮ್ಮ ಮೆಟ್ಟಿಲ ಮೇಲಿಟ್ಟೆ.

ಮಂಗಳವಾರ ಬೆಳಗ್ಗೆ ಮೈನಸ್ ಹದಿನೆಂಟು. ಶಿಫ್ಟಿಗೆ ಹೊರಟ ಸುನಂದಾ ಮೆಟ್ಟಿಲ ಮೇಲಿನ ಬಾಟಲಿ ಎತ್ತಿ ಅಲ್ಲಾಡಿಸಿದಳು. ಒಳಗೆ ಏನೂ ಅಲ್ಲಾಡಲಿಲ್ಲ.

“ಕಲ್ಲಾಗೇದ ನೋಡ್ರಿ! ಇದನ್ನೇ ಡಾಕ್ಟರ್ರಿಗೆ ಕೊಟ್ಟೀರಲ್ಲ? ಮಂಗಳವಾರ ಅವರು ಅರೋರಾ ಊರಾಗಿನ ಮಗಳ ಮನೀಗೆ ಹೋಗ್ತಾರ. ಹೈವೇ ಮ್ಯಾಲ!”

ಮನೆಯೊಳಗೆ ಬೆಚ್ಚಗಿಟ್ಟ ಬಾಟಲಿ ಮೊದಲು ಗಾಜನ್ನು ತೊಳೆದು ನಂಬಿಕೆ ಹುಟ್ಟಿಸುತ್ತದೆ. ರಸ್ತೆಯ ಗಾಳಿ ಬಡಿದೊಡನೆ ಮತ್ತೆ ಹೆಪ್ಪುಗಟ್ಟುತ್ತದೆ. ಇದನ್ನೇ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತಿದ್ದವನು ನಾನು! ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಕಾರು ಸುನಂದಾಳೊಂದಿಗೆ ಹೋಯಿತು. ನಾನು ಓಡಿದೆ. ತಿರುವಿನಲ್ಲಿ ಜಾರಿ ಬಿದ್ದು, ಎದ್ದು, ಮತ್ತೆ ಓಡಿದೆ. ಡಾಕ್ಟರ ಮನೆ ಮುಂದಿನ ಡ್ರೈವ್‌ವೇ ಖಾಲಿ. ಹಿಮದ ಮೇಲೆ ಟೈರಿನ ಎರಡು ಕಪ್ಪು ಗೆರೆ ಮಾತ್ರ.

ಬಾಗಿಲು ತೆರೆದವರು ಅವರ ಹೆಂಡತಿ. “ಬನ್ನಿ, ಬನ್ನಿ. ಅವ್ರು ಹೊರಟು ಟ್ವೆಂಟಿ ಮಿನಿಟ್ಸ್ ಆಯ್ತಲ್ಲ. ಫೋನೂ ಇಲ್ಲೇ ಚಾರ್ಜಿಗೆ ಬಿಟ್ಟು ಹೋಗಿದಾರೆ.”

ಕೂರಲು ಹೇಳಿ ಕಾಫಿ ತಂದಿಟ್ಟರು. ದೂರದಲ್ಲೆಲ್ಲೋ ಸೈರನ್ ಕೇಳಿಸಿತು. ಆಕೆ ಅದನ್ನು ಗಮನಿಸದೆ ಮೊಮ್ಮಗಳ ಪಿಯಾನೋ ಬಗ್ಗೆ ಹೇಳುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ. “ಅಮ್ಮಾ, ನಾ ಕೊಟ್ಟ ಆ ಬಾಟಲಿ, ಅದರಾಗ...” ಎನ್ನುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು.

ಡಾಕ್ಟರು ಒಳಗೆ ಬಂದರು. ಮುಖ ಬಿಳಿಚಿಕೊಂಡಿತ್ತು, ಕೈಗವಸನ್ನೂ ತೆಗೆಯದೆ ಹೆಂಡತಿಯತ್ತ ತಿರುಗಿದರು.

“ಹೈವೇ ಹತ್ತೋಕ್ ಮುಂಚೆ ಗ್ಲಾಸ್ ಪೂರ್ತಿ ಬೆಳ್ಳಗಾಗ್‌ಬಿಡ್ತು ಕಣೇ. ಏನೂ ಕಾಣ್ಲಿಲ್ಲ. ಕಿಟಕಿಯಿಂದ ತಲೆ ಹೊರಗ್ ಹಾಕಿ ಹೇಗೋ ಪಕ್ಕಕ್ಕೆ ನಿಲ್ಲಿಸ್ದೆ. ಹೀಟರ್ ಹಾಕ್ಕೊಂಡು ಕೂತಿದ್ದು, ನಿಧಾನಕ್ಕೆ ವಾಪಸ್ ಬಂದೆ.”

ಆಗ ನನ್ನನ್ನು ಕಂಡರು. ಕಂಡವರೇ ತಲೆ ತಗ್ಗಿಸಿದರು. “ತಪ್ಪು ನಂದೇ ಪ್ರೊಫೆಸರ್. ನಿಮ್ದು ತುಂಬಾ ಸ್ಟ್ರಾಂಗ್ ಇರತ್ತೆ, ಪೇಂಟ್ ಹಾಳಾದ್ರೆ ಅಂತ ಅರ್ಧಕ್ಕರ್ಧ ನೀರು ಬೆರೆಸ್‌ಬಿಟ್ಟೆ. ಸಾರಿ.”

“ಅವ್ರು ಓದಿರೋರು, ಅಳತೆ ಮಾಡಿ ಕೊಟ್ಟಿದ್ರೆ ನಿಮ್ದೊಂದು ಅಧಿಕಪ್ರಸಂಗ!” ಎಂದು ಆಕೆ ಗದರಿದರು.

ಸತ್ಯ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಕಾಫಿಯ ಜೊತೆ ನುಂಗಿದೆ.

“ಇರ್ಲಿ ಬಿಡ್ರಿ ಸರ್. ಮನುಷ್ಯಾ ಅಂದಮ್ಯಾಲ ತಪ್ಪು ಆಗ್ತಾವ. ಬಾಟಲಿ ಇತ್ತ ಕೊಡ್ರಿ, ಸರಿ ಮಾಡಿ ತರ್ತೀನಿ” ಎಂದೆ. ಒಬ್ಬರನ್ನು ಕ್ಷಮಿಸುವುದು ಇಷ್ಟು ಸುಲಭವೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.